ಎರಡನೆಯ ಬಾಕ್ಸು ತಂದ ತಕರಾರು

೧೯೮೩ರಲ್ಲಿ ಶ್ರೀನಿವಾಸಪುರದಲ್ಲಿ ನಮ್ಮದೊಂದು ಮೈಕ್ ಸೆಟ್ ಅಂಗಡಿ ಇತ್ತು. ಬೋರ್ಡಿನ ಮೇಲೆ ನಮ್ಮ ಯಜಮಾನರ ಹೆಸರು, ನಡೆಸುತ್ತಿದ್ದವಳು ನಾನು. ಅವರು ಹುಣಸೆ ಮರಕ್ಕೆ ಹಾರ್ನ್ ಕಟ್ಟಲು ಹತ್ತಿ, ಕೊಂಬೆ ಮುರಿದು ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಮೇಲೆ ಕೂತು ಮಾಡುವ ಕೆಲಸ ಅವರದು, ಅಂದರೆ ಬೆಸುಗೆ, ವೈರು, ಬೈಗುಳ. ಮಿಕ್ಕದ್ದೆಲ್ಲ ನನ್ನದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಹೆಂಗಸು ಮೈಕ್ ಸೆಟ್ ನಡೆಸುತ್ತಾಳಾ ಎಂದು ನಕ್ಕವರಿದ್ದರು. ಅವರ ಮನೆಯ ಮದುವೆಗಳಿಗೂ ನಾನೇ ಮೈಕ್ ಕಟ್ಟಿಸಿದೆ.

ಆಗ ಮೈಕ್ ಸೆಟ್ ಅಂದರೆ ಹಾರ್ನು. ಉಮ್ಮತ್ತಿ ಹೂವಿನ ಆಕಾರದ ತಗಡಿನ ಸ್ಪೀಕರು. ನಾಲ್ಕು ಹಾರ್ನನ್ನು ಮರಕ್ಕೋ ಕಂಬಕ್ಕೋ ಕಟ್ಟಿ ನಾಲ್ಕು ದಿಕ್ಕಿಗೆ ತಿರುಗಿಸಿದರೆ ಕೆಲಸ ಮುಗಿಯಿತು. ಗಿರಾಕಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಪಕ್ಕದ ಊರಿಗೆ ಕೇಳಿಸುತ್ತಾ ಎಂದು. ಕಾರ್ಯಕ್ರಮ ಶುರುವಾದ ಮೇಲೆ ಯಜಮಾನರು ಕುಂಟುತ್ತಲೇ ಊರಾಚೆ ಹೋಗಿ ನಿಂತು ಕೇಳಿ ಬರುತ್ತಿದ್ದರು. ಕೇಳಿಸಿದರೆ ಆವತ್ತು ಅವರಿಗೆ ಊಟ ರುಚಿಸುತ್ತಿತ್ತು. ಹಾರ್ನಿನ ಹಿಂದೆ ಎರಡು ತಿರುಪು, ವೈರಿನಲ್ಲಿ ಎರಡು ಎಳೆ. ಯಾವ ಎಳೆ ಯಾವ ತಿರುಪಿಗೆ ಎಂದು ಅವರೂ ನೋಡಿದವರಲ್ಲ, ನಾನೂ ನೋಡಿದವಳಲ್ಲ. ಹೇಗೆ ಕೊಟ್ಟರೂ ಹಾರ್ನು ಕೂಗುತ್ತಿತ್ತು.

ಆ ವರ್ಷ ಕೋಲಾರದ ವೆಂಕಟರಮಣ ಮಾಸ್ಟರು ನಮ್ಮ ಅಂಗಡಿಗೆ ಬಂದರು. ಅವರದು ಆರ್ಕೆಸ್ಟ್ರಾ. ಮದುವೆಯ ಆರತಕ್ಷತೆಗಳಲ್ಲಿ ಸಿನಿಮಾ ಹಾಡು ಹಾಡಿಸುತ್ತಿದ್ದರು, ತಾವು ಅಕಾರ್ಡಿಯನ್, ಅಂದರೆ ಎದೆಗೆ ತೂಗುಹಾಕಿಕೊಳ್ಳುವ ಹಾರ್ಮೋನಿಯಂ ಪೆಟ್ಟಿಗೆ, ನುಡಿಸುತ್ತಿದ್ದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ತಾಲ್ಲೂಕಿನ ಕಾರ್ಯಕ್ರಮಗಳಿಗೆ ನಮ್ಮದೇ ಸೆಟ್ ಇರಲಿ ಎಂದರು. ಆದರೆ ಹಾರ್ನು ಸಾಲದು, ಬೇಸ್ ಗಿಟಾರಿಗೆ ಬೇರೆ ಸ್ಪೀಕರ್ ಬಾಕ್ಸ್ ಬೇಕು ಎಂದರು.

ಬೇಸ್ ಗಿಟಾರ್ ಅಂದರೆ ನಾಲ್ಕೇ ತಂತಿಯ, ಉದ್ದ ಕುತ್ತಿಗೆಯ ಗಿಟಾರು. ಅದರಲ್ಲಿ ಹಾಡು ಬರುವುದಿಲ್ಲ. ಹಾಡಿನ ಅಡಿಯಲ್ಲಿ ದುಂ ದುಂ ಎಂದು ನಡೆಯುತ್ತದೆ, ಮನೆಗೆ ತಳಪಾಯ ಇದ್ದ ಹಾಗೆ. ಅದನ್ನು ನುಡಿಸುವವನು ಮಾಲೂರಿನ ಹೆಂಚಿನ ಕಾರ್ಖಾನೆಯ ಕೆಲಸಗಾರ, ಆರೋಗ್ಯಸ್ವಾಮಿ. ಚರ್ಚಿನಲ್ಲಿ ಗಿಟಾರ್ ಕಲಿತವನು. ಮದುವೆಯಾಗಿ ಎರಡು ಮಕ್ಕಳಿದ್ದ ಮನುಷ್ಯ, ಮಾತು ಕಡಿಮೆ. ಅವನ ಗಿಟಾರನ್ನು ನಮ್ಮ ಹಾರ್ನಿಗೆ ಕೊಟ್ಟು ನೋಡಿದೆವು. ಡಬ್ಬದೊಳಗೆ ಕಡಲೆಕಾಯಿ ಅಲ್ಲಾಡಿಸಿದ ಸದ್ದು ಬಂತು.

"ಇದಕ್ಕೆ ಇಷ್ಟು ದೊಡ್ಡ ಗಿಟಾರ್ ಬೇಕೇನಯ್ಯಾ?" ಎಂದರು ಯಜಮಾನರು. "ಬೀದಿ ಕೊನೆಗೂ ಕೇಳ್ಸಲ್ಲ."

"ಹಾರ್ನಿಗೆ ಕೆಳಗಿನ ಸ್ವರ ಬರಲ್ಲಣ್ಣ," ಎಂದ ಅವನು.

ನಾನೂ ಅವನೂ ಬಾಕ್ಸ್ ತರಲು ಬೆಂಗಳೂರಿಗೆ ಹೋದೆವು. ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಎರಡು ಬಾಕ್ಸ್ ತೋರಿಸಿದರು. ಒಂದರಲ್ಲಿ ಹನ್ನೆರಡು ಇಂಚಿನ ಎರಡು ಸ್ಪೀಕರು, ಮೇಲೆ ಹೊಳೆಯುವ ರೆಕ್ಸಿನ್, ಮೂಲೆಗಳಿಗೆ ಬೆಳ್ಳಿಯಂಥ ತಗಡು. ಇನ್ನೊಂದರಲ್ಲಿ ಹದಿನೈದು ಇಂಚಿನ ಒಂದೇ ಸ್ಪೀಕರು, ದಪ್ಪ ಹಲಗೆ, ನೋಡಲು ರಾಗಿ ಕಣಜದ ಹಾಗೆ. ಅಂಗಡಿಯ ಮೂಲೆಯಲ್ಲಿಟ್ಟು ನುಡಿಸಿದಾಗ ಹೊಳೆಯುವುದೇ ಗೆದ್ದಿತು. ನೆಲ ನಡುಗಿತು. ಅಂಗಡಿಯವನು ಆಗಲೇ ಹಗ್ಗ ಹುಡುಕುತ್ತಿದ್ದ.

"ಎರಡನ್ನೂ ಆಚೆ ಇಡಪ್ಪ," ಎಂದೆ.

"ಅಮ್ಮಾ, ಫುಟ್‌ಪಾತ್ ಮೇಲೆ ಯಾರಮ್ಮ ಸ್ಪೀಕರ್ ಕೇಳ್ತಾರೆ?"

"ನಿನ್ನ ಅಂಗಡಿ ಮೂಲೇಲಿ ನಮ್ಮ ಪ್ರೋಗ್ರಾಂ ನಡೆಯಲ್ಲ. ಬಯಲಲ್ಲಿ ನಡೆಯುತ್ತೆ."

ಗೊಣಗುತ್ತಾ ಆಚೆ ಇಟ್ಟ. ಹೊಳೆಯುವ ಬಾಕ್ಸಿನ ಗುಡುಗು ಅರ್ಧಕ್ಕಿಂತ ಕೆಳಗಿಳಿಯಿತು. ಅಲ್ಲಿಯವರೆಗೂ ಗುಡುಗಿದ್ದು ಅಂಗಡಿಯ ಗೋಡೆ. ದಪ್ಪ ಬಾಕ್ಸಿನದೂ ಇಳಿಯಿತು, ಆದರೆ ತಳದ ದುಂ ಉಳಿಯಿತು. ಆರೋಗ್ಯಸ್ವಾಮಿ ಬಗ್ಗಿ ಎರಡನ್ನೂ ಬೆರಳ ಗೆಣ್ಣಿನಿಂದ ತಟ್ಟಿದ. ಹೆಂಚಿನಲ್ಲಿ ಬಿರುಕಿದೆಯೇ ಎಂದು ಕಾರ್ಖಾನೆಯಲ್ಲಿ ಹಾಗೆ ತಟ್ಟಿ ನೋಡುತ್ತಾರೆ.

"ಹೆಂಚು ಟಣ್ ಅಂದ್ರೆ ಒಳ್ಳೇದಕ್ಕ," ಎಂದ. "ಬಾಕ್ಸು ಟಣ್ ಅಂದ್ರೆ ಕೆಟ್ಟದ್ದು. ಸದ್ದು ಮಾಡೋ ಕೆಲಸ ಸ್ಪೀಕರ್‌ದು, ಹಲಗೆದಲ್ಲ."

ದಪ್ಪದ್ದನ್ನೇ ತಂದೆವು. ಬಸ್ಸಿನ ಟಾಪಿಗೆ ಏರಿಸುವಾಗ ಕಂಡಕ್ಟರ್ ನಮ್ಮಿಬ್ಬರ ವಂಶವನ್ನೆಲ್ಲ ನೆನೆದ.

ಮಾಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆ ಬಾಕ್ಸು ಮೊದಲ ಸಲ ನುಡಿಯಿತು. ಚೆನ್ನಾಗಿತ್ತು. ಮಾಸ್ಟರು ತಲೆದೂಗಿದರು. ಬಯಲಿಗೆ ಒಂದು ಸಾಲದು, ಇನ್ನೊಂದಿರಲಿ ಎಂದರು. ಬೆಂಗಳೂರಿಗೆ ಮತ್ತೆ ಹೋಗಲಿಲ್ಲ. ಅದೇ ಅಳತೆಯ ಸ್ಪೀಕರ್ ಮಾತ್ರ ತರಿಸಿ, ಊರಿನ ಆಚಾರಿಯ ಕೈಯಲ್ಲಿ ಅದೇ ಅಳತೆಯ ಬಾಕ್ಸು ಮಾಡಿಸಿದೆ. ಮಾವಿನಹಣ್ಣಿನ ಪೆಟ್ಟಿಗೆ ಹೊಡೆಯುವ ಕೈ ಅದು, ಆದರೂ ಈ ಕೆಲಸ ಬೆಂಗಳೂರಿನದಕ್ಕಿಂತ ಬಿಗಿಯಾಗಿತ್ತು. ಯಜಮಾನರು ಒಳಗೆ ಸ್ಪೀಕರ್ ಕೂರಿಸಿ ವೈರ್ ಬೆಸೆದರು.

ಎರಡು ಬಾಕ್ಸನ್ನೂ ಪಕ್ಕಪಕ್ಕ ಇಟ್ಟು ಮೊದಲ ಕಾರ್ಯಕ್ರಮ ಮುಳಬಾಗಿಲಿನ ಬಯಲಲ್ಲಿ. ಅಲ್ಲಿ ಬೇಸ್ ಗಿಟಾರ್ ಮಾಯವಾಯಿತು. ತಂತಿಗೆ ಬೆರಳು ತಾಗುವ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ಆಂಪ್ಲಿಫೈಯರಿನ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿದೆ, ಟಿಕ್ ಟಿಕ್ ಜೋರಾಯಿತು. ಕಾರ್ಯಕ್ರಮ ಮುಗಿಯುತ್ತಲೇ ಮಾಸ್ಟರು ಎಲ್ಲರೆದುರಿಗೇ ಶುರು ಮಾಡಿದರು.

"ಏಮಯ್ಯಾ ಆರೋಗ್ಯ, ಊಟ ಮಾಡ್ಕೊಂಡು ಬರ್ಲಿಲ್ವಾ? ಗಿಟಾರ್ ನೇತಾಕ್ಕೊಂಡು ನಿಂತ್ಕೊಳ್ಳೋಕೆ ಬೆದರುಬೊಂಬೆ ಇಟ್ಕೊಂಡಿದೀನಾ ನಾನು?"

"ಕೈಯಲ್ಲಿ ನುಡೀತೈತೆ ಮಾಸ್ಟ್ರೇ. ಕಿವಿಗೆ ಬರ್ತಿಲ್ಲ."

"ಕಿವಿಗೆ ಬರ್ದೇ ಇದ್ಮೇಲೆ ಕೈಯಲ್ಲಿ ಏನಿದ್ರೇನು?"

ಮುಂದಿನ ಭಾನುವಾರ ಶ್ರೀನಿವಾಸಪುರದ ಮಾವಿನ ಮಂಡಿಯ ವರ್ತಕರ ಕಾರ್ಯಕ್ರಮ. ಅದಕ್ಕೆ ಬೆಂಗಳೂರಿನಿಂದ ಬೇರೆ ಬೇಸ್ ವಾದಕ ಬರುತ್ತಾನೆ, ನೀನು ಇನ್ನು ಬರಬೇಡ ಎಂದು ಮಾಸ್ಟರು ಅಲ್ಲೇ ಹೇಳಿಬಿಟ್ಟರು. ಆರೋಗ್ಯಸ್ವಾಮಿ ಗಿಟಾರಿಗೆ ಟವೆಲ್ ಸುತ್ತಿದ. ಬೆಳಗಿನಿಂದ ಕಾರ್ಖಾನೆಯ ಗೂಡಿನ ಬಿಸಿಯಲ್ಲಿ ಹೆಂಚು ಹೊತ್ತು ಬಂದ ಕೈ ಅದು. "ವಾರಕ್ಕೊಂದಿನ ಇದೊಂದಿತ್ತಕ್ಕ," ಎಂದ.

ನನಗೆ ಬಂದದ್ದು ಕನಿಕರವಲ್ಲ, ಅನುಮಾನ. ಮಾಲೂರಿನಲ್ಲಿ ಇದೇ ಕಿವಿಯಿಂದ ಕೇಳಿದ್ದೆ. ಅದೇ ಮನುಷ್ಯ, ಅದೇ ಗಿಟಾರು. ನಡುವೆ ಬೆರಳು ಸತ್ತುಹೋಗುತ್ತದೆಯೇ?

"ಮಾಸ್ಟ್ರೇ, ಶನಿವಾರ ಮಧ್ಯಾಹ್ನ ಮಂಡಿಗೆ ಬನ್ನಿ," ಎಂದೆ. "ಗಿಟಾರು, ಆಂಪ್ಲಿಫೈಯರು, ಬಾಕ್ಸು, ಒಂದೊಂದಾಗಿ ಕೇಳೋಣ. ಆಗ್ಲೂ ಕೇಳಿಸ್ದೇ ಇದ್ರೆ ಅವನನ್ನ ಬಿಡಿ. ನಾನೂ ಬಾಕ್ಸ್ ಮಾರಿ ಹಾರ್ನ್ ಕಟ್ಕೊಂಡಿರ್ತೀನಿ."

"ನಿಮಗ್ಯಾಕಮ್ಮ ಹಠ?"

"ಹಠ ಅಲ್ಲ. ಏನು ಕೆಟ್ಟೈತೆ ಅಂತ ಗೊತ್ತಾಗ್ದೆ ಯಾವುದನ್ನೂ ಎಸೆಯೋಳಲ್ಲ ನಾನು."

ಮಾವಿನ ಕಾಲ ಮುಗಿದಿತ್ತು, ಮಂಡಿಯ ಅಂಗಳ ಖಾಲಿ. ಒಂದು ಬದಿಗೆ ತಗಡಿನ ಸೂರು, ಮೂರು ಬದಿ ಬಯಲು. ಮಾಸ್ಟರು ಬೆಂಗಳೂರಿನ ವಾದಕನ ಫಾರಿನ್ ಗಿಟಾರನ್ನೇ ತಂದಿದ್ದರು. ಅವನು ಅದನ್ನು ಮಾರುವವನಿದ್ದ. ಕೋಲಾರದಲ್ಲಿ ರೇಡಿಯೋ ರಿಪೇರಿ ಮಾಡುವ ಪಾಷಾ ಸಾಬರು ತಾವು ಕಟ್ಟಿದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಸ್ಕೂಟರಿನಲ್ಲಿ ಹೊತ್ತು ತಂದರು. ಆರೋಗ್ಯಸ್ವಾಮಿ ಕಾರ್ಖಾನೆಗೆ ರಜಾ ಹಾಕಿ ಬಂದಿದ್ದ.

ಮೊದಲು ಗಿಟಾರು. ಅವನದು ಕಲ್ಕತ್ತಾದಲ್ಲಿ ಮಾಡಿದ್ದು, ಇನ್ನೊಂದು ಫಾರಿನ್. ಒಂದೇ ಸ್ವರವನ್ನು ಎರಡರಲ್ಲೂ ನುಡಿಸಿದ. ಎರಡೂ ಟಿಕ್ ಟಿಕ್. ಆಮೇಲೆ ಆಂಪ್ಲಿಫೈಯರು. ನಮ್ಮದು ವಾಲ್ವಿನ ಹಳೆಯದು, ಭಾಷಣಕ್ಕೆಂದು ಮಾಡಿದ್ದು. ಅದನ್ನು ತೆಗೆದು ಪಾಷಾ ಸಾಬರದು ಹಾಕಿದೆವು. ಟಿಕ್ ಟಿಕ್ ಸ್ವಲ್ಪ ಶುದ್ಧವಾಯಿತು, ಅಷ್ಟೇ.

"ನಾನು ಹೇಳಿದ್ದು ಇದೇ," ಎಂದು ಮಾಸ್ಟರು ಎದ್ದರು. ಯಜಮಾನರೂ ದನಿಗೂಡಿಸಿದರು: "ಬಿಡೇ ಲೇ, ಆ ವಾದ್ಯದ ಹಣೆಬರಾನೇ ಅಷ್ಟು."

"ಬಾಕ್ಸು ಇನ್ನೂ ಕೇಳಿಲ್ಲ. ಕೂತ್ಕೊಳ್ಳಿ," ಎಂದೆ.

ಅಲ್ಲಿಯವರೆಗೂ ಎರಡು ಬಾಕ್ಸೂ ಒಟ್ಟಿಗೆ ಜೋಡಿಸಿಯೇ ಇದ್ದವು. ಒಂದೊಂದಾಗಿ ಕೇಳಬೇಕಾದರೆ ಒಂದನ್ನು ಬಿಡಿಸಬೇಕು. ಆರೋಗ್ಯಸ್ವಾಮಿ ನುಡಿಸುತ್ತಲೇ ಇದ್ದ. ನಾನು ಆಚಾರಿಯ ಬಾಕ್ಸಿನ ವೈರು ಕಿತ್ತೆ.

ದುಂ ಎಂದಿತು. ತಗಡಿನ ಸೂರು ಗಡಗಡ ನಡುಗಿ ಪಾರಿವಾಳಗಳೆಲ್ಲ ಎದ್ದವು.

"ಏನ್ ಹಾಕಿದ್ರಿ?" ಮಾಸ್ಟರು ಕೂಗಿದರು.

"ಹಾಕಿಲ್ಲ. ಕಿತ್ತೆ."

"ಮತ್ತೆ ಕೊಡಿ." ಕೊಟ್ಟೆ, ಬೇಸು ಸತ್ತಿತು. ಈ ಸಲ ಬೆಂಗಳೂರಿನ ಬಾಕ್ಸಿನ ವೈರು ಕಿತ್ತೆ. ಆಚಾರಿಯದು ಒಂದೇ ಅಷ್ಟೇ ಗಟ್ಟಿಯಾಗಿ ನುಡಿಯಿತು. ಎರಡೂ ಒಳ್ಳೆಯವೇ. ಸೇರಿದರೆ ಕೆಡುತ್ತಿದ್ದವು.

ಪಾಷಾ ಸಾಬರು ನಗಲು ಶುರು ಮಾಡಿದರು. ಟಾರ್ಚಿನಿಂದ ಒಂದು ಸೆಲ್ ತೆಗೆದು, ಎರಡು ತುಂಡು ವೈರಿನಿಂದ ಬೆಂಗಳೂರಿನ ಬಾಕ್ಸಿನ ತಿರುಪುಗಳಿಗೆ ಮುಟ್ಟಿಸಿದರು. ಸ್ಪೀಕರಿನ ಕಾಗದದ ಕೋನು ಚೂರು ಮುಂದೆ ಬಂತು. ಅದೇ ಸೆಲ್ಲನ್ನು ಅದೇ ರೀತಿ ಆಚಾರಿಯ ಬಾಕ್ಸಿಗೆ ಮುಟ್ಟಿಸಿದರು. ಕೋನು ಹಿಂದೆ ಹೋಯಿತು.

"ನೋಡಕ್ಕ, ಇದು ಗಾಳೀನ ಮುಂದಕ್ಕೆ ತಳ್ಳೋವಾಗ ಅದು ಹಿಂದಕ್ಕೆ ಎಳೀತದೆ. ಎರಡೂ ಕೆಲಸ ಮಾಡ್ತವೆ, ಲೆಕ್ಕ ಮಾತ್ರ ಸೊನ್ನೆ. ಒಳಗಡೆ ವೈರ್ ಉಲ್ಟಾ ಬೆಸೆದಿದಾರೆ."

ನನಗೆ ತಕ್ಷಣ ತಿಳಿಯಿತು. ಬೀಸುಕಲ್ಲಿನ ಒಂದೇ ಗೂಟವನ್ನು ಇಬ್ಬರು ಹೆಂಗಸರು ಹಿಡಿದು, ಒಬ್ಬಳು ಆ ಕಡೆಗೆ ಒಬ್ಬಳು ಈ ಕಡೆಗೆ ತಿರುಗಿಸಿದರೆ ಇಬ್ಬರ ಕೈಯೂ ನೋಯುತ್ತದೆ, ಹಿಟ್ಟು ಬೀಳುವುದಿಲ್ಲ.

ಯಜಮಾನರಿಗೆ ಮಾತ್ರ ಒಪ್ಪಲಾಗಲಿಲ್ಲ. "ಇಷ್ಟು ವರ್ಷದಿಂದ ವೈರ್ ಕೊಡ್ತಿದೀನಿ. ಯಾವ ಹಾರ್ನೂ ಹಿಂಗೆ ಜಗಳ ಆಡಿಲ್ಲ."

"ಹಾರ್ನುಗಳು ಒಂದೊಂದು ಒಂದೊಂದು ಊರು ನೋಡ್ತಿದ್ವು ರೀ," ಎಂದೆ. "ಇವೆರಡೂ ಒಂದೇ ಮನೇಲಿರೋವು. ಅದಕ್ಕೇ ಜಗಳ."

ಅವರು ನನ್ನ ಮುಖ ನೋಡಿ, ಸೆಲ್ ನೋಡಿ, ಬೆಸುಗೆ ಕಡ್ಡಿ ಕಾಯಿಸಲು ಕೂತರು. ಆಚಾರಿಯ ಬಾಕ್ಸಿನ ವೈರನ್ನು ಅದಲುಬದಲು ಮಾಡಿದರು. ಎರಡೂ ಒಟ್ಟಿಗೆ ನುಡಿದಾಗ ಅಂಗಳದ ಮಣ್ಣಿನ ನಡುಕ ಅಂಗಾಲಿಗೆ ತಿಳಿಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎಲ್ಲವನ್ನೂ ಕೇಳೋಣ ಎಂದಿದ್ದವಳು ನಾನೇ. ಗಿಟಾರು, ಆಂಪ್ಲಿಫೈಯರುಗಳನ್ನು ಇನ್ನೊಮ್ಮೆ ಬದಲಾಯಿಸಿ ಕೇಳಿದೆವು, ಈಗ ವ್ಯತ್ಯಾಸ ಗೊತ್ತಾಯಿತು. ನಮ್ಮ ವಾಲ್ವ್ ಆಂಪ್ಲಿಫೈಯರಿಗೆ ಬೇಸಿನ ತಳದ ಸ್ವರ ಎತ್ತುವ ಶಕ್ತಿ ಇರಲಿಲ್ಲ. ಅದನ್ನು ಭಾಷಣಕ್ಕೇ ಬಿಟ್ಟು ಪಾಷಾ ಸಾಬರದನ್ನು ಉಳಿಸಿಕೊಂಡೆ. ಗಿಟಾರಿನಲ್ಲೂ ಹಾಗೆಯೇ. ಫಾರಿನ್ ಗಿಟಾರು ನಿಜವಾಗಿಯೂ ಮೇಲು. ಕಲ್ಕತ್ತಾದ್ದು ಕುತ್ತಿಗೆಯ ಅಡ್ಡಪಟ್ಟಿಗಳಲ್ಲಿ ಮೇಲಿನ ಸ್ವರಗಳಿಗೆ ಬೆರಳು ಒತ್ತಿದಾಗ ಶ್ರುತಿ ತಪ್ಪುತ್ತಿತ್ತು, ಫಾರಿನ್ನಿನದು ತುದಿಯವರೆಗೂ ಸರಿಯಾಗಿ ನಿಲ್ಲುತ್ತಿತ್ತು. ಆರೋಗ್ಯಸ್ವಾಮಿಯನ್ನೇ ಕೇಳಿದೆ.

"ನನ್ನದರ ಮೇಲೆ ಪ್ರೀತಿ ಐತಕ್ಕ. ಆದರೆ ಒಳ್ಳೇದು ಅದೇ."

ಮಾಸ್ಟರು ಸ್ವಲ್ಪ ಹೊತ್ತು ಅಕಾರ್ಡಿಯನ್ ಪೆಟ್ಟಿಗೆಯ ಬೀಗ ಹಾಕುವುದು ತೆಗೆಯುವುದು ಮಾಡಿದರು. ಕೊನೆಗೆ, "ಗಿಟಾರ್ ಇಟ್ಕೊಂಡು ನೋಡ್ತೀನಿ. ನಾಳೆ ಒಂದಿನ ನೀನೇ ಅದರಲ್ಲಿ ನುಡಿಸು, ಬೆಂಗಳೂರವನಿಗೆ ಬರ್ಬೇಡ ಅಂತೀನಿ. ಆಮೇಲಿಂದು ಆಮೇಲೆ," ಎಂದರು.

ಭಾನುವಾರ ಸಂಜೆ ಮಂಡಿಯ ಅಂಗಳ ತುಂಬಿತ್ತು. ಹಾಡಿನ ಹಾರ್ನುಗಳನ್ನು ಊರಾಚೆಗಲ್ಲ, ಜನರ ಕಡೆಗೇ ಬಗ್ಗಿಸಿ ಕಟ್ಟಿಸಿದ್ದೆ. ಜನ ಹಾಡುವವರನ್ನು ನೋಡಿದರು, ಅಕಾರ್ಡಿಯನ್ ನೋಡಿದರು. ಬೇಸ್ ಗಿಟಾರನ್ನು ಯಾರೂ ನೋಡಲಿಲ್ಲ. ಅದು ನೋಡಿಸಿಕೊಳ್ಳುವ ವಾದ್ಯವೂ ಅಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಮಾತ್ರ ಎದೆಗೆ ಕೈ ಇಟ್ಟುಕೊಂಡು, "ಇಲ್ಲಿ ಯಾರೋ ಗುದ್ದುತಾವ್ರೆ ಕಣಮ್ಮ," ಎಂದಳು. ಗಾಬರಿಯಾಗಬೇಡಿ, ಅದು ಸಂಗೀತ ಎಂದೆ.

ಯಜಮಾನರು ಹಳೆಯ ಚಾಳಿ ಬಿಟ್ಟಿರಲಿಲ್ಲ. ಪಾಷಾ ಸಾಬರ ಸ್ಕೂಟರಿನ ಹಿಂದೆ ಕೂತು, ಎಷ್ಟು ದೂರಕ್ಕೆ ಕೇಳಿಸುತ್ತದೆ ನೋಡಿ ಬರುತ್ತೇನೆಂದು ಊರಾಚೆಯ ಕೆರೆ ಕಟ್ಟೆಗೆ ಹೋದರು. ತಿರುಗಿ ಬಂದವರು ಕುಂಟುತ್ತಾ ಸೀದಾ ವೇದಿಕೆಯ ಪಕ್ಕಕ್ಕೆ ಬಂದರು. ಹಾಡು ಮುಗಿದು ಮಾಸ್ಟರು ಬೆವರು ಒರೆಸಿಕೊಳ್ಳುತ್ತಿದ್ದರು.

"ಮಾಸ್ಟ್ರೇ, ಕಟ್ಟೆ ಮೇಲೆ ಹಾಡು ಕೇಳ್ಸಲ್ಲ," ಎಂದರು ಯಜಮಾನರು. "ನಿಮ್ಮ ಪೆಟ್ಟಿಗೇನೂ ಕೇಳ್ಸಲ್ಲ. ಅಲ್ಲಿಗೆ ಕೇಳ್ಸೋದು ಇವನೊಬ್ಬನೇ."

ಮಾಸ್ಟರು ಆರೋಗ್ಯಸ್ವಾಮಿಯ ಕಡೆ ತಿರುಗಿದರು. ಕ್ಷಮೆ ಗಿಮೆ ಏನೂ ಇಲ್ಲ. "ಮುಂದಿನ ವಾರ ಕೋಲಾರ. ಲೇಟ್ ಮಾಡ್ಬೇಡ," ಎಂದರು. ಅವನು ಹೂಂ ಎಂದು ತಂತಿ ಶ್ರುತಿ ಮಾಡತೊಡಗಿದ. ಆರ್ಕೆಸ್ಟ್ರಾ ನಿಲ್ಲುವವರೆಗೂ ಅವನೇ ನುಡಿಸಿದ.

ಮಾರನೆಯ ದಿನ ಅಂಗಡಿಯ ಎಲ್ಲ ವೈರುಗಳ ಒಂದು ಎಳೆಗೆ ಕೆಂಪು ದಾರ ಸುತ್ತಿದೆ, ಬಾಕ್ಸಿನ ಒಂದು ತಿರುಪಿಗೆ ಕೆಂಪು ಬಣ್ಣ ಹಚ್ಚಿದೆ. ಕೆಂಪಿಗೆ ಕೆಂಪು. ಈಗ ಬಾಕ್ಸುಗಳು ಕಾರ್ಖಾನೆಯಿಂದಲೇ ಹಾಗೆ ಬರುತ್ತವೆ.

ಬಾಕ್ಸು ಆರಿಸುವುದು ಹೇಗೆ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಎಲ್ಲಿ ನುಡಿಸುತ್ತೀರೋ ಅಂಥ ಜಾಗದಲ್ಲಿಟ್ಟು ಕೇಳಿ, ಹೊಳಪು ನೋಡಬೇಡಿ, ಹಲಗೆ ತಟ್ಟಿ ನೋಡಿ ಎನ್ನುತ್ತೇನೆ. ಒಂದೊಂದಾಗಿ ಕೇಳಿ, ಆಮೇಲೆ ಸೇರಿಸಿ ಕೇಳಿ. ಎರಡು ಒಳ್ಳೆಯವು ಸೇರಿದ ಮಾತ್ರಕ್ಕೆ ಇನ್ನೂ ಒಳ್ಳೆಯದಾಗುತ್ತದೆ ಎಂದು ನಂಬಬೇಡಿ. ನಾಲ್ಕನೇ ಕ್ಲಾಸಿನವರೆಗೆ ಇದನ್ನು ಹೇಳಿಕೊಟ್ಟಿರಲಿಲ್ಲ, ಮೈಕ್ ಸೆಟ್ ಹೇಳಿಕೊಟ್ಟಿತು. ಮನೆಯಲ್ಲಿ ಏನಾದರೂ ಕೆಟ್ಟಾಗ ಮಕ್ಕಳು ಹೊಸದು ತರೋಣ ಎಂದು ಓಡುತ್ತಾರೆ. ನಾನು ಮೊದಲು ಒಂದು ವೈರು ಕಿತ್ತು ನೋಡುತ್ತೇನೆ.