ಅಂಡರ್‌ಪಾಸಿನಲ್ಲಿ ಕುರಿ ದಾಟಿಸಿದ್ದು

ನಮ್ಮೂರಿಗೂ ಕೆರೆಗೂ ನಡುವೆ ರೈಲಿನ ದಿಬ್ಬ ಬಂತು. ಮಧುಗಿರಿ ಕಡೆಯಿಂದ ಪಾವಗಡದತ್ತ ಹೋಗುವ ಲೈನು. ಎರಡಾಳು ಎತ್ತರ ಮಣ್ಣು ಹಾಕಿ ಮೇಲೆ ಜಲ್ಲಿ ಸುರಿದಿದ್ದಾರೆ. ಇನ್ನೂ ರೈಲು ಓಡುತ್ತಿಲ್ಲ. ಅಷ್ಟರೊಳಗೆ ಊರ ಕಡೆಯ ಬೀಳು ಹೊಲವೆಲ್ಲ ಸೈಟಾಯಿತು. ಬೆಟ್ಟ ಹತ್ತಲು ಬರುವವರಿಗೆಂದು ರೆಸಾರ್ಟುಗಳೂ ಎದ್ದವು. ಎಲ್ಲದಕ್ಕೂ ತಂತಿ ಬೇಲಿ. ನಮ್ಮ ಕುರಿ ಮೇಯಲು ಉಳಿದದ್ದು ದಿಬ್ಬದಾಚೆಯ ಕೆರೆಯಂಗಳ ಮಾತ್ರ. ಅಲ್ಲಿಗೆ ಹೋಗಲು ದಿಬ್ಬದ ಕೆಳಗಿನ ಅಂಡರ್‌ಪಾಸೇ ದಾರಿ.

ಕುರಿಗಳು ಅದರೊಳಗೆ ಕಾಲಿಡಲಿಲ್ಲ. ಒಳಗೆ ಕತ್ತಲು. ನೆಲದ ಮೇಲೆ ನೀರು ನಿಂತು ಹೊಳೆಯುತ್ತದೆ. ಮುಂದಿನ ಟಗರಿನ ಕೊರಳ ಗಂಟೆ ಒಂದು ಸಲ ಬಡಿದರೆ ನಾಲ್ಕು ಸಲ ಕೇಳುತ್ತದೆ. ಟಗರು ನಿಂತರೆ ಮಂದೆಯೇ ನಿಂತಂತೆ. ನಾನು ಅದರ ಗಂಟೆ ಬಿಚ್ಚಿದೆ, ಸೊಪ್ಪು ತೋರಿಸಿದೆ. ಕೊಂಬು ಹಿಡಿದು ಎಳೆದರೆ ಅದು ನನ್ನನ್ನೇ ನೀರಿಗೆ ಕೆಡವಿತು. ಒಂದು ದಿನ ಹೇಗೋ ಅರ್ಧ ದೂರ ಹೋಗಿದ್ದವು. ಎದುರಿನಿಂದ ರೆಸಾರ್ಟಿಗೆ ಹೋಗುವ ಕಾರೊಂದು ಹಾರ್ನ್ ಹೊಡೆದುಕೊಂಡು ಬಂತು. ಎಲ್ಲ ತಿರುಗಿ ಊರಿಗೆ ಓಡಿದವು. ಕಾರಿನೊಳಗಿನ ಹೆಂಗಸು ಗಾಜು ಇಳಿಸಿ ಫೋಟೋ ತೆಗೆದಳು. ಬೈದೆ. ಅವಳು ಕೈ ಬೀಸಿದಳು.

ಕುರಿಗಳನ್ನು ಮನೆಯಲ್ಲೇ ಕೂಡಿಹಾಕಿ ಒಣಗಿದ ಕಡಲೆಕಾಯಿ ಬಳ್ಳಿ ತಿನ್ನಿಸಿದೆವು. ಬಳ್ಳಿ ಮುಗಿಯುತ್ತ ಬಂತು. ಮಗ ತೀರ್ಮಾನ ಹೇಳಿದ:

"ಅಮ್ಮೋ, ಬರೋ ಸಂತೆಗೆ ಸಿರಾಕ್ಕೆ ತುಂಬ್ಕೊಂಡು ಹೋಯ್ತೀನಿ. ಟೆಂಪೋ ಹೇಳಿವ್ನಿ. ಒಂದೂ ಉಳ್ಸಾಕಿಲ್ಲ. ರೆಸಾರ್ಟ್‌ನಾಗೆ ವಾಚ್‌ಮನ್ ಕೆಲ್ಸ ಐತಂತೆ."

"ನಾನೇನ್ಲಾ ಮಾಡ್ಲಿ?"

"ಮನ್ಯಾಗೆ ಟೀವಿ ನೋಡ್ಕೊಂಡು ಕೂತ್ಕೊ."

"ನಿನ್ ಮಕ ನೋಡ್ಕೊಂಡು ಕೂತ್ಕಂತೀನಿ. ಟೀವಿ ಯಾಕ್ಲಾ?"

ನಾನು ನಡೆಯಲು ಕಲಿತಾಗಿನಿಂದ ಕುರಿಯ ಹಿಂದೆ ನಡೆದವಳು. ಬೇರೆ ಕೆಲಸ ಗೊತ್ತಿಲ್ಲ. ಕುರಿ ಹೋದರೆ ಸೊಸೆ ಯಾವಾಗ ತಟ್ಟೆ ಇಡುತ್ತಾಳೆ ಎಂದು ಕಾಯುತ್ತ ಕೂರಬೇಕು. ಅದು ನನ್ನಿಂದ ಆಗದು.

ಸೊಸೆ ವೈ.ಎನ್.ಹೊಸಕೋಟೆ ಕಡೆಯವಳು, ಬಾಯಲ್ಲಿ ಅರ್ಧ ತೆಲುಗು. ತವರಿನಲ್ಲಿ ಬರೀ ಬೇಸಾಯ, ಕುರಿ ಮುಟ್ಟಿದವಳಲ್ಲ. ವಾಸನೆ ಎಂದು ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಸಂತೆಗೆ ಎರಡು ದಿನ ಇರುವಾಗ ಅವಳೇ ಬಂದು ಹೇಳಿದಳು:

"ಅತ್ತಾ, ನಾಳೆ ಬೆಳಿಗ್ಗೆ ಮರಿಗಳಿಗೆ ಹಾಲು ಕುಡಿಸ್ಬೇಡ."

"ಯಾಕೆ, ಸಾಯ್ಸಾಕಾ?"

"ವಿನು ಅತ್ತಾ, ಕೇಳು, ಮರಿಗಳ್ನ ನಾನು ಆಚೆ ಕಡೀಕ್ ಹೊತ್ಕೊಂಡು ಹೋಗ್ತೀನಿ. ಅವು ಅರಚಿದ್ರೆ ತಾಯಿಗಳು ಬರ್ತಾವೆ ಕದಾ?"

ಎಳೆಮರಿಗಳನ್ನು ನಾವು ರಾತ್ರಿ ಬೇರೆ ಕೂಡಿಹಾಕುತ್ತೇವೆ. ಬೆಳಿಗ್ಗೆ ತಾಯಿ ಹತ್ತಿರ ಬಿಟ್ಟು ಹಾಲು ಕುಡಿಸಿ ಆಮೇಲೆ ಮಂದೆ ಹೊಡೆಯುವುದು. ಹಾಲು ಕೊಡದೆ ಮಂದೆ ಹೊಡೆದದ್ದು ನನ್ನ ಜನ್ಮದಲ್ಲಿಲ್ಲ.

"ನಿನ್ ಮಗೀಗಾದ್ರೆ ಇಂಗೆ ಮಾಡ್ತಿದ್ಯೇನೆ?" ಎಂದು ಕೇಳಿದೆ.

"ನನ್ ಮಗೀನ ಸಂತೆಗೆ ಹೊಡೀತೀನಿ ಅಂದಿದ್ರೆ ಇದ್ಕಿಂತ ಹೆಚ್ಚೇ ಮಾಡ್ತಿದ್ದೆ."

ನಾನು ಒಳಗೆ ಹೋಗಿ ದೊಡ್ಡ ಬುಟ್ಟಿ ತಂದು ಅವಳ ಮುಂದಿಟ್ಟೆ.

ಮಾರನೆಯ ಬೆಳಿಗ್ಗೆ ಸೊಸೆ ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು, ನೀರಿನಲ್ಲಿ ನಡೆದು, ಅಂಡರ್‌ಪಾಸಿನ ಆಚೆ ಬಾಯಿಯ ಹತ್ತಿರ ಇಳಿಸಿದಳು. ಉಳಿದವನ್ನು ಇನ್ನೊಂದು ಸಲ ಹೊತ್ತಳು. ಈಚೆ ಕಡೆ, ಇದೊಂದು ಸಲ ನೋಡೋಣವೆಂದು ಬಂದ ಮಗನೂ ನಾನೂ ಮಂದೆ ಊರಿಗೆ ತಿರುಗದಂತೆ ತಡೆದು ನಿಂತೆವು. ಹಸಿದ ಮರಿಗಳು ಅರಚಿದವು. ಆ ಕೂಗು ಅಂಡರ್‌ಪಾಸಿನೊಳಗೆಲ್ಲ ತುಂಬಿಕೊಂಡಿತು. ತಾಯಿ ಕುರಿಗಳ ಕೆಚ್ಚಲು ಬಿಗಿದಿತ್ತು, ನಿಂತಲ್ಲಿ ನಿಲ್ಲಲಾರವು. ಕಪ್ಪು ಮುಖದ ಕುರಿಯೊಂದು ನೀರಿಗೆ ಕಾಲಿಟ್ಟು ಹಿಂದಕ್ಕೆ ಎಳೆದುಕೊಂಡಿತು. ಮತ್ತೆ ಇಟ್ಟಿತು, ನುಗ್ಗಿಯೇಬಿಟ್ಟಿತು. ಅದರ ಹಿಂದೆ ಉಳಿದ ತಾಯಿಗಳು, ಅವುಗಳ ಹಿಂದೆ ಮಂದೆ. ಟಗರು ಒಂದೇ ಉಳಿಯಿತು. ಸುತ್ತ ನೋಡಿ ಯಾರೂ ಇಲ್ಲದ್ದು ಕಂಡು ಅದೂ ಓಡಿತು.

ಆಚೆಗೆ ಹೋದಾಗ ಮರಿಗಳು ಮೊಣಕಾಲೂರಿ ಹಾಲು ಕುಡಿಯುತ್ತಿದ್ದವು. ಸೊಸೆಯ ತಲೆಯಿಂದ ಸೀರೆಯಂಚಿನವರೆಗೆ ಮರಿಗಳ ಗಂಜಲ.

"ನಾಳೆ ನೀನೇ ಹೊತ್ಕೊ ಅತ್ತಾ."

"ಹೊತ್ಕತೀನಿ ಬುಡು."

ಮಗ ಕುರಿಗಳನ್ನು ಎಣಿಸಿದ. ಆಮೇಲೆ ಫೋನ್ ತೆಗೆದು ಟೆಂಪೋದವನಿಗೆ, "ನಾಳೀಕ್ ಬರಬ್ಯಾಡ ಕಣಣ್ಣ," ಎಂದ. ಫೋನ್ ಜೇಬಿಗೆ ಹಾಕಿ ನನ್ನ ಕಡೆ ತಿರುಗಿದ.

"ಮೇಲೆ ರೈಲು ಬಂದಾಗ ಏನ್ಮಾಡ್ತೀಯಮ್ಮೋ?"

"ಬರ್ಲಿ, ಅವತ್ತು ನೋಡ್ಕಳಾನ. ಈಗ ಹೋಗಿ, ಕೆರೆ ಪಕ್ಕದ ಹೊಲಕ್ಕೆ ನುಗ್ಗಿರೋ ಆ ಟಗರನ್ನ ಈಚೆಗೆ ಹೊಡಿ."