ಕೆರೆಗೆ ದೇವಿಯ ಕಾವಲು

ಬೆಳಿಗ್ಗೆ ಅಕ್ಕಿ ನೆನೆಹಾಕಿದೆ, ಯಜಮಾನರ ಬಿ.ಪಿ. ಮಾತ್ರೆ ತೆಗೆದಿಟ್ಟೆ, ಗ್ಯಾಸಿಗೆ ಫೋನ್ ಮಾಡಿದೆ, ಒಂದು ಸೀರೆಗೆ ಇಸ್ತ್ರಿ ಹಾಕಿಕೊಂಡೆ. ಆಮೇಲೆ ಸಾಗರ ಪೇಟೆಯ ನನ್ನ ಕ್ಲಿನಿಕ್ಕಿನ ಬಾಗಿಲು ತೆಗೆದೆ. ನಾನು ಮನೋವೈದ್ಯೆ.

ಹೊಸನಗರದ ಕಡೆಯ ಪಂಚಾಯ್ತಿ ಅಧ್ಯಕ್ಷರೊಬ್ಬರು ಆಗಲೇ ಕಾಯುತ್ತಿದ್ದರು. ಜೊತೆಗೆ ಅವರೂರಿನ ನಿವೃತ್ತ ಮೇಷ್ಟ್ರು. ಕೆರೆ ಅಳತೆಯ ವಿಚಾರ ಮಾತಾಡೋಣ ಎಂದು ನಂಬಿಸಿ ಅವರನ್ನು ಕಾರು ಹತ್ತಿಸಿದ್ದರಂತೆ. ಅಧ್ಯಕ್ಷರ ಕಡೆಯವರು ಊರ ಕೆರೆ ಒತ್ತಿ ಕಟ್ಟಡ ಎಬ್ಬಿಸುತ್ತಿದ್ದಾರೆಂದು ಮೇಷ್ಟ್ರು ದೂರು ಕೊಟ್ಟಿದ್ದರು. ಯಾರೂ ಕೇಳದಿದ್ದಾಗ ದಂಡೆಯ ಮೇಲೆ ‘ಈ ಕೆರೆಗೆ ದೇವಿಯ ಕಾವಲಿದೆ’ ಎಂದು ಬೋರ್ಡು ನೆಟ್ಟಿದ್ದರು.

“ದೇವಿ ಕಾವಲು ಕೂತಿದಾಳೆ ಅಂತಾರೆ ಮೇಡಂ. ತಲೆ ಕೆಟ್ಟಿದೆ ಅಂತ ಒಂದು ಬರ್ಕೊಡಿ, ದೂರು ಅಲ್ಲಿಗೆ ಮುಗೀತದೆ. ಶಿವಮೊಗ್ಗದಲ್ಲಿ ಅಡ್ಮಿಟ್ ನಾವೇ ಮಾಡಿಸ್ತೀವಿ.”

ಅಧ್ಯಕ್ಷರನ್ನು ಹೊರಗೆ ಕೂರಿಸಿ ಮೇಷ್ಟ್ರ ಜೊತೆ ನಿಧಾನವಾಗಿ ಮಾತಾಡಿದೆ. ನಿದ್ದೆ, ಊಟ, ನೆನಪು ಎಲ್ಲ ಸರಿಯಾಗಿತ್ತು.

“ದೇವಿ ನಿಮ್ ಹತ್ರ ಮಾತಾಡ್ತಾಳಾ?”

“ಮಾತಾಡಿದ್ರೆ ನಾನ್ಯಾಕೆ ತಾಲ್ಲೂಕು ಆಫೀಸಿಗೆ ಅಲೀತಿದ್ದೆ?”

ಅಧ್ಯಕ್ಷರನ್ನು ಒಳಗೆ ಕರೆದೆ. “ಇವರಿಗೆ ಯಾವ ಕಾಯಿಲೆಯೂ ಇಲ್ಲ. ನಿಮ್ಮ ತೋಟದ ಬೇಲಿಗೂ ಇಂಥದ್ದೇ ಬೋರ್ಡು ಇದೆಯಲ್ಲ, ಬಸ್ಸಿಂದ ನೋಡಿದೀನಿ.”

“ಅದು ಅಡಿಕೆ ಕದೀಬಾರ್ದು ಅಂತ.”

“ಇದು ಕೆರೆ ಕದೀಬಾರ್ದು ಅಂತ” ಎಂದರು ಮೇಷ್ಟ್ರು.

ಅಧ್ಯಕ್ಷರು ನಗಲಿಲ್ಲ. “ತೀರ್ಥಹಳ್ಳಿಲೂ ಡಾಕ್ಟ್ರಿದಾರೆ” ಎಂದು ಎದ್ದು ಹೋದರು.

ಅಲ್ಲಿರುವ ಮನೋವೈದ್ಯ ನನ್ನ ಕೈಕೆಳಗೆ ಕಲಿತವನೇ. ಫೋನ್ ಮಾಡಿದೆ. “ಅಕ್ಕಾ, ಆ ಅಧ್ಯಕ್ಷರು ಆಗಾಗ ಎದುರಿಗೆ ಸಿಗೋರು, ಎದುರು ಹಾಕ್ಕೊಳ್ಳೋದು ಕಷ್ಟ. ನಾಳೆ ಬಂದ್ರೆ ನೋಡೋಣ” ಎಂದ. ಆಗಲ್ಲ ಎನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಎಷ್ಟು ಹೇಳಿದರೂ ಅದೇ ‘ನೋಡೋಣ’. ಕಾಯಿಲೆ ವಾಸಿ ಮಾಡಲೆಂದು ಕಲಿತ ವಿದ್ಯೆಯನ್ನು ಬಾಯಿ ಮುಚ್ಚಿಸಲು ಕೇಳುತ್ತಾರೆ; ನಾನು ಕೊಡದಿದ್ದರೆ ಮುಂದಿನ ಬಾಗಿಲು ತಟ್ಟುತ್ತಾರೆ. ರೋಸಿಹೋಯಿತು.

ಕಾಯಿಲೆ ಇಲ್ಲವೆಂದು ಬರೆದು ಮೇಷ್ಟ್ರ ಕೈಗೆ ಕೊಟ್ಟೆ. “ಇನ್ನು ಯಾರ ಕಾರೂ ಹತ್ಬೇಡಿ” ಎಂದೆ. ಕೆರೆ ಉಳಿಸಲು ಮನುಷ್ಯ ಇಂಥದೊಂದು ಚೀಟಿ ಇಟ್ಟುಕೊಂಡು ಓಡಾಡಬೇಕೆ ಎಂಬ ಸಿಟ್ಟು ಬರೆಯುವಾಗಲೂ ಇತ್ತು. ಸಂಜೆ ಮೇಷ್ಟ್ರ ಫೋನ್ ಬಂತು. ಬಸ್ಸಿನಲ್ಲಿ ಮನೆ ಮುಟ್ಟಿದ್ದರು. ದಂಡೆಯ ಬೋರ್ಡನ್ನು ಯಾರೋ ಕಿತ್ತುಹಾಕಿದ್ದರಂತೆ, ನಾಳೆ ತಾವೇ ಇನ್ನೊಂದು ಬರೆಯುತ್ತಾರಂತೆ.

ನೆನೆಹಾಕಿದ ಅಕ್ಕಿ ರುಬ್ಬಲು ಮನಸ್ಸು ಬರಲಿಲ್ಲ. ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ ಉಂಡೆವು. ಯಜಮಾನರು ಮೊದಲು ಮಲಗಿದರು. ‘ನಾನೂ ಬರ್ಕೊಡಲ್ಲ ಅಕ್ಕಾ’ ಎಂದು ತೀರ್ಥಹಳ್ಳಿಯಿಂದ ಫೋನ್ ಬಂದೀತೆಂದು ನಾನು ಕಾದೆ. ಬರಲಿಲ್ಲ.