ಜೀಪು ನಿಂತಾಗ ಕೇಳಿಸಿದ ದ್ವೀಪ

ಇಲ್ಲ, ಬಸ್ಸು ಬಾಳ್ಳುಪೇಟೆಯಲ್ಲಿ ಅರ್ಧ ಗಂಟೆ ನಿಂತದ್ದು ಹೋಗುವಾಗ ಅಲ್ಲ, ಬರುವಾಗ ಇರಬೇಕು. ಮಳೆ ಮಾತ್ರ ಎರಡೂ ಸಲ ಇತ್ತು. ಸಕಲೇಶಪುರದಲ್ಲಿ ಇಳಿದಾಗ ತಂಗಿಯ ಮಗಳು ಸುಮಾ ಬಾಡಿಗೆ ಜೀಪಿನಲ್ಲಿ ಕಾಯುತ್ತಿದ್ದಳು. ಆನೇಮಹಲ್ ದಾಟಿ, ಮಣ್ಣುದಾರಿ ಹಿಡಿದು, ಅವಳ ಅಧ್ಯಯನ ಕೇಂದ್ರ ತಲುಪಲು ಒಂದು ಗಂಟೆ ಹಿಡಿಯಿತು.

ಕೇಂದ್ರವೆಂದರೆ ಎಸ್ಟೇಟಿನ ಹಳೆಯ ಕಾಫಿ ಸ್ಟೋರು. ಗೋಡೆಯ ನಕ್ಷೆಯಲ್ಲಿ ಹಳದಿ ಹುಲ್ಲುಗುಡ್ಡಗಳ ನಡುವೆ ಅಲ್ಲಲ್ಲಿ ಹಸಿರು ಚುಕ್ಕೆ.

"ಇವೆಲ್ಲ ದ್ವೀಪಗಳು ಮಾವ," ಎಂದಳು. "ಸಮುದ್ರದ ಬದಲು ಹುಲ್ಲು. ಈ ಕಾಡಿನ ಕಪ್ಪೆ ಹುಲ್ಲು ದಾಟಿ ಪಕ್ಕದ ಕಾಡಿಗೆ ಹೋಗಲ್ಲ."

ಅತಿ ಚಿಕ್ಕ ಚುಕ್ಕೆಯ ಅಂಚಿನಲ್ಲೇ ಪ್ರವಾಸಿಗರ ಜೀಪುಗಳು ತಿರುಗುವ ಜಾಗ. ಜೀಪುಗಳನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿ ಎಂದು ಅರಣ್ಯ ಇಲಾಖೆಯನ್ನು ಕೇಳಲು, ಅಲ್ಲಿ ಪೊದೆಗಪ್ಪೆ ಇನ್ನೂ ಇದೆಯೆಂಬ ಪುರಾವೆ ಅವಳಿಗೆ ಬೇಕಿತ್ತು. ಇಲ್ಲದಿದ್ದರೆ ಆ ಜಾಗ ಇನ್ನಷ್ಟು ಅಗಲವಾಗಲಿತ್ತು. ಮೂರು ಸಂಜೆ ಕೂತರೂ ಒಂದು ಕೂಗೂ ಕೇಳಿಸಿರಲಿಲ್ಲ. ನಾನು ಹೋದದ್ದು ನಾಲ್ಕನೆಯ, ಕೊನೆಯ ಸಂಜೆ.

ಕಡುಬು, ಕಳಲೆ ಪಲ್ಯ ತಿಂದು ನಾಲ್ಕಕ್ಕೆ ಹೊರಟೆವು. ಜೀಪು ಓಡಿಸುತ್ತಿದ್ದ ಪುಟ್ಟಸ್ವಾಮಿಯೇ ವಾರಾಂತ್ಯದಲ್ಲಿ ಪ್ರವಾಸಿಗರನ್ನೂ ಅದೇ ಗುಡ್ಡಕ್ಕೆ ಹತ್ತಿಸುವವನು.

"ಮೇಡಂಗೆ ಕಪ್ಪೆ ಸಿಕ್ಬುಟ್ರೆ ನನ್ ಗಾಡಿಗೆ ಮ್ಯಾಲೆ ಕೆಲ್ಸ ಇಲ್ಲ ಕಣ್ರೀ," ಎಂದು ನನ್ನ ಕಡೆ ತಿರುಗಿ ನಕ್ಕ. "ಆಮ್ಯಾಕೆ ಕಪ್ಪೆಗಳ್ನೇ ಕೂರಿಸ್ಕಂಡು ಓಡಿಸ್ಬೇಕು."

"ಬೆಲ್ಟ್ ಹಾಕ್ಸು ಸ್ವಾಮಣ್ಣ, ಹಾರ್ಬಿಡ್ತವೆ," ಎಂದಳು ಸುಮಾ.

ಮೇಲೆ ಮಂಜು ಕವಿದಿತ್ತು. ಕಾಲಿಗೆ ಹತ್ತಿದ ಇಂಬಳಗಳನ್ನು ಕಿತ್ತೆಸೆಯುತ್ತ ಕಾಡಿನಂಚಿನಲ್ಲಿ ಕೂತೆವು. ಸುಮಾ ಧ್ವನಿಮುದ್ರಣ ಯಂತ್ರ ಹಿಡಿದಿದ್ದಳು. ಹಿಂದೆ ಪುಟ್ಟಸ್ವಾಮಿ ಕೂತಿದ್ದ ಜೀಪು ಗುರುಗುಟ್ಟುತ್ತಿತ್ತು. ಹಳೆಯ ಬ್ಯಾಟರಿ; ಮಳೆಯಲ್ಲಿ ಆರಿಸಿದರೆ ತಳ್ಳದೆ ಹೊರಡದು. ಹಾಗಾಗಿ ಗುಡ್ಡದ ಮೇಲೆ ಇಂಜಿನ್ ಆರಿಸದಿರುವುದು ಇಲ್ಲಿನ ಚಾಲಕರ ರೂಢಿ. ಜೀಪುಗಳಿಂದಾಗುವ ತೊಂದರೆ ಅಳೆಯಲು ಬಂದ ಸುಮಾಳಿಗೂ ಆ ಸದ್ದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮೂರು ದಿನವೂ ಅವಳು ಅದನ್ನು ಗಮನಿಸಿರಲಿಲ್ಲ.

ಇದ್ದಕ್ಕಿದ್ದಂತೆ ಇಂಜಿನ್ ನಿಂತಿತು. ಎಲೆಗಳಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಹತ್ತು ನಿಮಿಷವೋ ಇಪ್ಪತ್ತೋ ಕಳೆದ ಮೇಲೆ ಪೊದೆಯೊಳಗಿಂದ ಟಿಕ್. ಟಿಕ್ ಟಿಕ್. ಇನ್ನೊಂದು ಪೊದೆ ಉತ್ತರ ಕೊಟ್ಟಿತು.

"ಮೇಡಂ, ಇವ್ನೇನಾ ನಿಮ್ಮೋನು?" ಪುಟ್ಟಸ್ವಾಮಿ ಜೀಪಿನಿಂದಲೇ ಪಿಸುಗುಟ್ಟಿದ.

ಸುಮ್ಮನಿರೆಂದು ಸುಮಾ ಬೆರಳೆತ್ತಿದಳು. ಹೌದೆಂದು ತಲೆಯಾಡಿಸಿ, ಯಂತ್ರವನ್ನು ಪೊದೆಯ ಕಡೆ ಚಾಚಿದಳು.

ಕೂಗು ಬೇಕಾದಷ್ಟು ದಾಖಲಾದ ಮೇಲೆ ನಾವಿಬ್ಬರೂ ಜೀಪು ತಳ್ಳಿದೆವು. ಕೆಸರಿನಲ್ಲಿ ಜಾರಿ ಬಿದ್ದದ್ದು ನಾನೋ ಅವಳೋ ನೆನಪಿಲ್ಲ; ನಕ್ಕದ್ದಂತೂ ಇಬ್ಬರೂ.

"ಇನ್ಮ್ಯಾಲೆ ಗಾಡಿ ಕೆಳಗೇ ಬುಟ್ಟು ನಡೆಸ್ಕಂಡ್ ಬತ್ತೀನಿ ಬುಡಿ," ಎಂದ ಪುಟ್ಟಸ್ವಾಮಿ ಸ್ಟೀರಿಂಗ್ ಹಿಡಿದು. "ಪ್ಯಾಟೆಯೋರ್ಗೂ ಕಾಲು ಐತಲ್ಲ."

"ಇಂಜಿನ್ ಕೈಕೊಟ್ಟಿದ್ದು ಒಳ್ಳೇದೇ ಆಯ್ತು," ಎಂದೆ.

"ಹಳೇ ಗಾಡಿ ಸಾರ್. ಮನಸ್ ಬಂದಾಗ ನಿಂತ್ಕತದೆ."

ಮರುದಿನ ಬಾಳ್ಳುಪೇಟೆಯಲ್ಲಿ ನಿಂತ ಬಸ್ಸಿನೊಳಗೆ ಇದನ್ನೇ ಯೋಚಿಸುತ್ತಿದ್ದೆ. ಇಂಜಿನ್ ತಾನಾಗಿ ನಿಂತಿತೋ, ಅವನೇ ಆರಿಸಿದನೋ, ನನಗೆ ಗೊತ್ತಿಲ್ಲ. ಕೀಲಿಯ ಮೇಲೆ ಅವನ ಕೈ ಇದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಆಗ ನಾನು ಪೊದೆಯ ಕಡೆ ಮುಖ ಮಾಡಿ ಕೂತಿದ್ದೆ; ಜೀಪು ನನ್ನ ಬೆನ್ನ ಹಿಂದಿತ್ತು.